ರಾಸ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರೂ ಅದರ ವೇಗವರ್ಧನವೂ

ಅಂಗೈಯಗಲದ ಒಂದು ಹಸುರು ಹಲಗೆಯಲ್ಲಿ ಪೂರ್ಣವಾದ ಕಂಪ್ಯೂಟರೊಂದು ಅಡಗಿರುವುದೆಂದೂ, ಅದನ್ನು ಮನೆಯ ಟೆಲಿವಿಷನ್ನಿಗೆ ಜೋಡಿಸಿ ಮೂವತ್ತು ನಲವತ್ತು ವರ್ಷಗಳ ಹಿಂದಿನ ವಿಡಿಯೋ ಆಟಗಳನ್ನು ಆಡಬಹುದೆಂದೂ ಈಗ ಅನೇಕ ತಂದೆತಾಯಿಗಳಿಗೆ ತಮ್ಮ ಮಕ್ಕಳ ಮೂಲಕವೇ ತಿಳಿದುಬಂದಿದೆ. ಕೆಲವು ದಿನ ಆಡಿದ ಮೇಲೆ ಮಗಳು, ‘ಇದರ ವೇಗ ಸಾಲದು, ಹೆಚ್ಚಿಸುತ್ತೇನೆ’ ಎನ್ನುವಳು. ಆಗ ಮನೆಯಲ್ಲಿ ಎರಡು ಪಕ್ಷಗಳು ಏಳುವುದುಂಟು. ಯಂತ್ರ ಸುಟ್ಟುಹೋದೀತು, ಮುಟ್ಟಕೂಡದು ಎಂಬುದು ಒಂದು ಪಕ್ಷ; ಆಟದ ಸಾಮಾನಲ್ಲವೇ, ಏನಾದರೂ ಮಾಡಿಕೊಳ್ಳಲಿ ಎಂಬುದು ಮತ್ತೊಂದು. ಇವೆರಡೂ ವಿಷಯವನ್ನು ವಿಚಾರಿಸದೆ ಆಡುವ ಮಾತುಗಳೆಂದು ನನ್ನ ಅಭಿಪ್ರಾಯ. ಮಗಳ ಸ್ಥಾನದಲ್ಲಿ ಮಗನಿದ್ದಿದ್ದರೆ ಮೊದಲನೆಯ ಮಾತು ಅಷ್ಟು ಶೀಘ್ರವಾಗಿ ಬಾಯಿಗೆ ಬರುತ್ತಿತ್ತೇ ಎಂಬುದನ್ನು ಹಿರಿಯರು ತಮ್ಮ ಮನಸ್ಸಿನಲ್ಲಿಯೇ ಕೇಳಿಕೊಳ್ಳಬಹುದು. ಈ ವೇಗವರ್ಧನವೆಂದರೇನು, ಅದರಿಂದ ದೊರೆಯುವುದೇನು, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ತಿಳಿಯುವಂತೆ ಹೇಳಲು ಇಲ್ಲಿ ಯತ್ನಿಸುತ್ತೇನೆ.

ಮೊದಲು ಈ ಹಲಗೆಯ ಹುಟ್ಟನ್ನು ಹೇಳಬೇಕು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಶಾಸ್ತ್ರವನ್ನು ಓದಲು ಬರುವ ಅರ್ಜಿದಾರರ ಸಂಖ್ಯೆ ಇಳಿಯುತ್ತ ಬಂದುದನ್ನೂ, ಬಂದವರಲ್ಲಿ ಸ್ವಂತವಾಗಿ ಯಂತ್ರಕ್ಕೆ ಕೆಲಸ ಕಲಿಸಿದ ಅನುಭವ ಕಡಿಮೆಯಾದುದನ್ನೂ ಎಬೆನ್ ಅಪ್ಟನ್ ಎಂಬವರೂ ಅವರ ಸಂಗಡಿಗರೂ ಗಮನಿಸಿದರು. 1981ರಲ್ಲಿ ಹೊರಬಂದ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರು ಆ ದೇಶದ ಶಾಲೆಗಳಲ್ಲಿ ಹರಡಿ, ಮಕ್ಕಳು ಅದನ್ನು ನಿರ್ಭಯವಾಗಿ ಬಳಸಿ ಕಲಿತಿದ್ದರು. ಮುಂದೆ ಕಂಪ್ಯೂಟರು ಮನೆಮಂದಿಯೆಲ್ಲರ ಬೆಲೆಬಾಳುವ ಸಾಮಾನಾದಾಗ ಮಕ್ಕಳು ಅದನ್ನು ಕೆದಕಿ ನೋಡುವ ಅವಕಾಶ ತಪ್ಪಿತು. ಆದಕಾರಣ ಕೆಟ್ಟರೂ ಮನೆ ಮುಳುಗದಷ್ಟು ಅಗ್ಗವಾದ ಯಂತ್ರವೊಂದನ್ನು ಮಕ್ಕಳ ಕೈಗೆ ಕೊಡಬೇಕೆಂಬ ಉದ್ದೇಶದಿಂದ 2012ನೆಯ ಫೆಬ್ರವರಿ 29ರಂದು ರಾಸ್‌ಬೆರಿ ಪೈ ಮಾರಾಟಕ್ಕೆ ಬಂದಿತು. ಬೆಲೆ 35 ಡಾಲರು. ಬಿಬಿಸಿ ಮೈಕ್ರೋವಿನ ನೆನಪಿಗಾಗಿಯೇ ಅದರ ಮಾದರಿಗಳಿಗೆ ‘ಎ’, ‘ಬಿ’ ಎಂದು ಹೆಸರಿಟ್ಟರು. ಮಕ್ಕಳು ಮುಟ್ಟಿ ಕೆಣಕಲೆಂದೇ ಹುಟ್ಟಿದ ಯಂತ್ರವಿದು. ‘ಮುಟ್ಟಬೇಡ’ ಎನ್ನುವವರು ಇದನ್ನು ನೆನಪಿನಲ್ಲಿಡಬೇಕು.

ಹಳೆಯ ಆಟಗಳನ್ನು ಹೊಸ ಯಂತ್ರದಲ್ಲಿ ಆಡಿಸುವ ವಿದ್ಯೆಗೆ ಎಮ್ಯುಲೇಶನ್ ಎಂದು ಹೆಸರು. ಅನುಕರಣವೆಂದು ನಾವು ಹೇಳಬಹುದು. ಜಪಾನಿನ ನಿಂಟೆಂಡೊ ಕಂಪೆನಿಯವರು 1983ರಲ್ಲಿ ಫ್ಯಾಮಿಕಾಮ್ ಎಂಬ ಆಟದ ಯಂತ್ರವನ್ನು ಹೊರತಂದರು. ಅದಕ್ಕೆಂದು ಬರೆದ ಆಟಗಳು ಆ ಯಂತ್ರದ ಭಾಷೆಯಲ್ಲಿ ಇರುವುವು. ಪೈ ಹಲಗೆಗೆ ಆ ಭಾಷೆ ಬಾರದು. ಆದಕಾರಣ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಎಮ್ಯುಲೇಟರ್ ಎಂಬ ಕಾರ್ಯಕ್ರಮ. ಇಂಥ ಅನೇಕ ದುಭಾಷಿಗಳನ್ನು ಒಂದೆಡೆ ಕೂಡಿಸಿ ಪೈ ಹಲಗೆಗೆ ಒದಗಿಸುವ ರೆಟ್ರೋಪೈ ಎಂಬ ತಂತ್ರಾಂಶವನ್ನು ಹೆಚ್ಚಿನವರು ಬಳಸುತ್ತಾರೆ.

ಕಂಪ್ಯೂಟರಿನ ವೇಗವನ್ನು ಅದರೊಳಗಿನ ಗಡಿಯಾರದ ಮಿಡಿತಗಳಿಂದ ಅಳೆಯುವರು. ಸೆಕೆಂಡಿಗೆ ಹತ್ತು ಲಕ್ಷ ಮಿಡಿತಗಳಾದರೆ ಒಂದು ಮೆಗಾಹರ್ಟ್ಸ್. ಫ್ಯಾಮಿಕಾಮಿನ ವೇಗ 1.79 ಮೆಗಾಹರ್ಟ್ಸ್, ಮೊದಲನೆಯ ಪೈ ಹಲಗೆಯ ವೇಗ 700. ಇಷ್ಟು ವ್ಯತ್ಯಾಸವಿರುವಾಗ ವೇಗ ಸಾಲದೆಂಬ ಮಾತೇಕೆ ಎಂದು ವಾಚಕರು ಕೇಳಬಹುದು. ದುಭಾಷಿಯ ಶ್ರಮವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹಳೆಯ ಯಂತ್ರದ ಒಂದು ಆಜ್ಞೆಯನ್ನು ಓದಬೇಕು, ಅರ್ಥಮಾಡಬೇಕು, ತನ್ನ ಭಾಷೆಯ ಹಲವು ಆಜ್ಞೆಗಳಾಗಿ ಬಿಡಿಸಿ ನಡೆಸಬೇಕು. ಅಷ್ಟೇ ಅಲ್ಲ: ಹಳೆಯ ಯಂತ್ರದಲ್ಲಿ ಲೆಕ್ಕಕ್ಕೊಂದು, ಚಿತ್ರಕ್ಕೊಂದು ಎಂದು ಬೇರೆ ಬೇರೆ ಚಿಪ್ಪುಗಳು ಏಕಕಾಲದಲ್ಲಿ ದುಡಿಯುತ್ತಿದ್ದುವು. ಫ್ಯಾಮಿಕಾಮಿನಲ್ಲಿ ಲೆಕ್ಕದ ಚಿಪ್ಪು ಒಂದು ಹೆಜ್ಜೆ ಇಡುವಷ್ಟರಲ್ಲಿ ಚಿತ್ರದ ಚಿಪ್ಪು ಮೂರು ಚುಕ್ಕೆಗಳನ್ನು ಇಡುತ್ತಿತ್ತು. ಅನುಕರಣಮಾಡುವ ಯಂತ್ರವು ಇವೆಲ್ಲ ಪಾತ್ರಗಳನ್ನೂ ತಾನೊಂದೇ ಅಭಿನಯಿಸಿ, ಒಂದರ ಮಾತಿಗೆ ಮತ್ತೊಂದು ತಡವಾಗದಂತೆ ನೋಡಿಕೊಳ್ಳಬೇಕು. ಅದೂ ಸೆಕೆಂಡಿಗೆ 60 ಚಿತ್ರಗಳಂತೆ; ಎಂದರೆ ಒಂದು ಚಿತ್ರಕ್ಕೆ ಸೆಕೆಂಡಿನ ಅರುವತ್ತನೆಯ ಒಂದು ಭಾಗ ಮಾತ್ರ. ಕಾಲ ಮೀರಿದರೆ ಚಿತ್ರ ತಡವರಿಸುವುದು, ಸಂಗೀತ ಹರಿದ ಹಾಗೆ ಕೇಳುವುದು.

ಹೀಗಿದ್ದರೂ ಮೊದಲನೆಯ ಪೈ ಹಲಗೆಗೆ ಫ್ಯಾಮಿಕಾಮ್ ಕಷ್ಟದ ಪಾತ್ರವಲ್ಲ. ಹಳೆಯ ಯಂತ್ರದ ಒಂದೊಂದು ಮಿಡಿತಕ್ಕೆ ಅದರ ಬಳಿ 390ರಷ್ಟು ಮಿಡಿತಗಳಿವೆ. ಕಷ್ಟವು ಬರುವುದು 1996ರ ನಿಂಟೆಂಡೊ 64 ಎಂಬ ಯಂತ್ರದಲ್ಲಿ. ಅದರ ಮುಖ್ಯ ಚಿಪ್ಪಿನ ವೇಗ 93.75 ಮೆಗಾಹರ್ಟ್ಸ್. ಇದಲ್ಲದೆ ಚಿತ್ರಕ್ಕೂ ಧ್ವನಿಗೂ 62.5 ಮೆಗಾಹರ್ಟ್ಸಿನ ಇನ್ನೊಂದು ಚಿಪ್ಪು. 2019ರಲ್ಲಿ ಬಂದ ನಾಲ್ಕನೆಯ ಪೈ ಹಲಗೆಯ ವೇಗ 1500 ಮೆಗಾಹರ್ಟ್ಸ್ ಆದರೂ, ಭಾಗಿಸಿ ನೋಡಿದರೆ ಹಳೆಯ ಯಂತ್ರದ ಒಂದು ಮಿಡಿತಕ್ಕೆ 16 ಮಿಡಿತಗಳು ಮಾತ್ರ ದೊರೆಯುವುವು. ಒಮ್ಮೆ ಭಾಷಾಂತರಿಸಿದ ಭಾಗವನ್ನು ನೆನಪಿನಲ್ಲಿಟ್ಟುಕೊಂಡು ಮತ್ತೆ ಬಳಸುವ ಜಾಣ ದುಭಾಷಿಗಳು ಇರುವುದರಿಂದಲೇ ಈ 16ರಲ್ಲಿ ಕಾಲಕ್ಷೇಪ ನಡೆಯುತ್ತದೆ. ಹಲಗೆಯಲ್ಲಿ ನಾಲ್ಕು ಮಿದುಳುಗಳಿದ್ದರೂ ಕೆಲಸವನ್ನು ಸಮನಾಗಿ ಹಂಚಿಕೊಡಲು ಬಾರದು. ಒಂದರ ಉತ್ತರಕ್ಕಾಗಿ ಮತ್ತೊಂದು ಕಾಯಬೇಕಾಗುವುದು. ವೇಗವನ್ನು 2000ಕ್ಕೆ ಏರಿಸಿದರೆ 16 ಇದ್ದದ್ದು 21 ಆಗುವುದು. ಹುಡುಗಿಯರು ಬಯಸುವುದು ಈ ಐದನ್ನೇ.

ಗಡಿಯಾರವನ್ನು ತಯಾರಕರು ನಿಗದಿಮಾಡಿದ್ದಕ್ಕಿಂತ ಬೇಗ ಮಿಡಿಯುವಂತೆ ಮಾಡುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುವರು. ಅದು ಸಾಧ್ಯವಾಗುವುದು ಹೇಗೆ? ಬಾವಿಯಿಂದ ತೋಟದವರೆಗೆ ಹುಡುಗಿಯರು ಸಾಲಾಗಿ ನಿಂತು, ಗಂಟೆಯ ಒಂದೊಂದು ಏಟಿಗೆ ತುಂಬಿದ ಬಿಂದಿಗೆಯನ್ನು ಮುಂದಿನವಳಿಗೆ ದಾಟಿಸುತ್ತಿರುವರೆಂದು ಭಾವಿಸಿರಿ. ಎಲ್ಲರಿಗಿಂತ ನಿಧಾನವಾದವಳ ಕೈಗೂ ಸಮಯ ಸಾಲುವಂತೆ ಗಂಟೆ ಬಾರಿಸಬೇಕು. ಅದಕ್ಕಿಂತ ಬೇಗ ಬಾರಿಸಿದರೆ ಎಲ್ಲಿಯೋ ಒಂದು ಕಡೆ ಬಿಂದಿಗೆ ಬೀಳುವುದು. ಚಿಪ್ಪಿನೊಳಗೂ ಹೀಗೆಯೇ, ಒಂದು ಏಟಿನಿಂದ ಮತ್ತೊಂದರೊಳಗೆ ವಿದ್ಯುತ್ತಿನ ಸಂಕೇತಗಳು ತಮ್ಮ ಸ್ಥಾನವನ್ನು ಸೇರಬೇಕು. ಆದರೆ ಕಾರ್ಖಾನೆಯಿಂದ ಬರುವ ಚಿಪ್ಪುಗಳೆಲ್ಲ ಒಂದೇ ಸಮನಾಗಿರುವುದಿಲ್ಲ. ಅತಿ ದುರ್ಬಲವಾದುದೂ, ಅತಿ ಸೆಕೆಯಲ್ಲಿಯೂ ತಪ್ಪದೆ ದುಡಿಯಲೆಂದು ತಯಾರಕರು ಗಂಟೆಯನ್ನು ಸಾವಕಾಶವಾಗಿಯೇ ಇಟ್ಟಿರುವರು. ಆ ಉಳಿಕೆಯನ್ನು ಬಳಸಿಕೊಳ್ಳುವುದೇ ಈ ವಿದ್ಯೆ. ಉಳಿಕೆ ಎಷ್ಟೆಂಬುದು ಒಂದೊಂದು ಹಲಗೆಗೂ ಬೇರೆ. ಆದ್ದರಿಂದ ಗೆಳತಿಯ ಹಲಗೆಯಲ್ಲಿ ನಡೆದ ಅಂಕ ನಮ್ಮದರಲ್ಲಿ ನಡೆಯಲೇಬೇಕೆಂದಿಲ್ಲ.

ಉಳಿಕೆ ಮುಗಿದ ಮೇಲೂ ವೇಗ ಬೇಕಾದರೆ ವೋಲ್ಟೇಜನ್ನು ಏರಿಸಬೇಕು. ಒತ್ತಡ ಹೆಚ್ಚಿದಂತೆ ಸಂಕೇತಗಳು ಬೇಗ ಬದಲಾಗುವುವು. ಬೆಲೆ ತೆರಬೇಕಾದುದು ಇಲ್ಲಿಯೇ. ಚಿಪ್ಪು ದುಡಿಯುವಾಗ ಹುಟ್ಟುವ ಉಷ್ಣವು ವೇಗಕ್ಕೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ಮೊದಲನೆಯ ಪೈ ಹಲಗೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2012ರ ಸೆಪ್ಟೆಂಬರಿನಲ್ಲಿ ತಯಾರಕರೇ ಅದನ್ನು 1000 ಮೆಗಾಹರ್ಟ್ಸಿನವರೆಗೆ ಏರಿಸಲು ಅನುಮತಿ ಕೊಟ್ಟರು. ಹಾಗೆ ಮಾಡಿದರೆ ಖಾತರಿ ರದ್ದಾಗುವುದಿಲ್ಲವೆಂದೂ ಹೇಳಿದರು. ಅತ್ಯುಚ್ಚ ಮೆಟ್ಟಿಲಿನಲ್ಲಿ ವೋಲ್ಟೇಜು 1.20 ಇದ್ದದ್ದು, ಮೆಟ್ಟಿಲಿಗೆ 0.025ರಂತೆ ಆರು ಮೆಟ್ಟಿಲು ಏರಿ, 1.35 ಆಗುವುದು. ವೇಗ 1.43 ಪಟ್ಟು ಆಯಿತು. ವೋಲ್ಟೇಜು 1.125 ಪಟ್ಟು, ಅದರ ವರ್ಗ ಸುಮಾರು 1.27. ಇವೆರಡನ್ನು ಗುಣಿಸಿದರೆ 1.81. ಎಂದರೆ ನೂರಕ್ಕೆ 43ರಷ್ಟು ವೇಗವನ್ನು ಪಡೆಯಲು ನೂರಕ್ಕೆ 81ರಷ್ಟು ಹೆಚ್ಚು ಉಷ್ಣವನ್ನು ಒಪ್ಪಿಕೊಳ್ಳಬೇಕಾಯಿತು. ಎಂಟನೆಯ ತರಗತಿಯ ಹುಡುಗಿ ಮಾಡಬಲ್ಲ ಲೆಕ್ಕ. ಇದನ್ನು ಮಾಡಿ ತೋರಿಸಿದವಳಿಗೆ ಹಲಗೆಯನ್ನು ಮುಟ್ಟುವ ಹಕ್ಕು ಬಂದಿತೆಂದೇ ನಾನು ಎಣಿಸುತ್ತೇನೆ.

ಇನ್ನು ಯಂತ್ರ ಸುಟ್ಟುಹೋದೀತೆಂಬ ಭಯ. ಚಿಪ್ಪಿನೊಳಗೆ ಉಷ್ಣಮಾಪಕ ಉಂಟು. ನಾಲ್ಕನೆಯ ಹಲಗೆಯಲ್ಲಿ ಉಷ್ಣ 80 ಡಿಗ್ರಿಯನ್ನು ಮುಟ್ಟಿದೊಡನೆ ಯಂತ್ರವು ತಾನಾಗಿಯೇ ವೇಗವನ್ನು ತಗ್ಗಿಸತೊಡಗುವುದು. 85ರಲ್ಲಿ ಇನ್ನೂ ಬಿಗಿಯಾಗಿ ತಗ್ಗಿಸುವುದು. ಆದ್ದರಿಂದ ಸುಡುವುದಕ್ಕಿಂತ ಸಾಧಾರಣವಾಗಿ ಆಗುವ ಫಲ ಬೇರೆ: ಮೊದಲ ಹತ್ತು ನಿಮಿಷ ಆಟ ಸೊಗಸಾಗಿ ನಡೆದು, ಆಮೇಲೆ ಮೊದಲಿಗಿಂತಲೂ ನಿಧಾನವಾಗುವುದು. ನಮ್ಮ ನಾಡಿನಲ್ಲಿ ಇದಕ್ಕೆ ವಿಶೇಷ ಗಮನ ಕೊಡಬೇಕು. ಕೇಂಬ್ರಿಜಿನ 20 ಡಿಗ್ರಿಯ ಕೋಣೆಯಲ್ಲಿ ಕುಳಿತವನಿಗೆ 80ರವರೆಗೆ 60 ಡಿಗ್ರಿಗಳ ಅವಕಾಶವಿದ್ದರೆ, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯನ್ನು ದಾಟುವ ಕಲಬುರಗಿಯಲ್ಲಿಯೋ ರಾಯಚೂರಿನಲ್ಲಿಯೋ ಕುಳಿತವಳಿಗೆ 40 ಡಿಗ್ರಿ ಕೂಡ ಇಲ್ಲ. ಬೇರೆ ದೇಶದವರು ಬರೆದಿಟ್ಟ ಅಂಕಗಳನ್ನು ಬೇಸಗೆಯಲ್ಲಿ ಹಾಗೆಯೇ ನಕಲುಮಾಡುವುದು ವಿವೇಕವಲ್ಲ. ಚಿಪ್ಪಿಗೆ ಲೋಹದ ಉಷ್ಣಹಾರಿಯನ್ನು ಅಂಟಿಸಿ, ಸಣ್ಣದೊಂದು ಫ್ಯಾನನ್ನು ಜೋಡಿಸಿದ ಮೇಲೆಯೇ ಕೆಲಸಕ್ಕೆ ಕೈಹಾಕತಕ್ಕದ್ದು. ಗಾಳಿಯಾಡದ ಅಂದವಾದ ಪೆಟ್ಟಿಗೆಗಿಂತ ತೆರೆದಿಟ್ಟ ಹಲಗೆಯೇ ಮೇಲು.

ಉಷ್ಣಕ್ಕಿಂತಲೂ ಹೆಚ್ಚಾಗಿ ಮಕ್ಕಳನ್ನು ಅಳಿಸುವುದು ವಿದ್ಯುತ್ತಿನ ಕೊರತೆ. ಪೆಟ್ಟಿಗೆಯ ಮೂಲೆಯಲ್ಲಿದ್ದ ಹಳೆಯ ಮೊಬೈಲ್ ಚಾರ್ಜರಿಗೆ ಹಲಗೆಯನ್ನು ಸಿಕ್ಕಿಸುವ ಅಭ್ಯಾಸ ಬಹಳ ಮನೆಗಳಲ್ಲಿ ಉಂಟು. ನಾಲ್ಕನೆಯ ಹಲಗೆಗೆ 5.1 ವೋಲ್ಟಿನ, 3 ಆಂಪಿಯರಿನ ಸರಬರಾಜು ಬೇಕು. ಒತ್ತಡವು 4.63 ವೋಲ್ಟಿಗಿಂತ ಇಳಿದರೆ ಪರದೆಯ ಮೇಲೆ ಮಿಂಚಿನ ಗುರುತು ಕಾಣಿಸುವುದು. ಅದನ್ನು ಅಲಕ್ಷ್ಯಮಾಡಿ ವೇಗವನ್ನು ಏರಿಸುತ್ತ ಹೋದರೆ ಯಂತ್ರ ನಡುವೆ ಸ್ತಬ್ಧವಾಗುವುದು. ಆ ಕ್ಷಣದಲ್ಲಿ ಮೆಮೊರಿ ಕಾರ್ಡಿನ ಮೇಲೆ ಬರೆಯುತ್ತಿದ್ದ ವಿಷಯ ಕೆಟ್ಟುಹೋಗಬಹುದು. ಹಲಗೆ ಹೋದರೆ ಇನ್ನೊಂದನ್ನು ಕೊಳ್ಳಬಹುದು. ಅದೇ ಕಾರ್ಡಿನಲ್ಲಿ ಮಗಳು ಒಂದು ವರ್ಷ ಬರೆದಿಟ್ಟ ಕಾರ್ಯಕ್ರಮಗಳಿದ್ದರೆ ಅವುಗಳನ್ನು ಕೊಳ್ಳುವುದು ಎಲ್ಲಿಂದ? ಆದ್ದರಿಂದ ಆಟಕ್ಕೊಂದು ಕಾರ್ಡು, ಪಾಠಕ್ಕೊಂದು ಕಾರ್ಡು ಇರಬೇಕು. ತಂದೆತಾಯಿಗಳು ಕಟ್ಟುನಿಟ್ಟು ಮಾಡುವುದಿದ್ದರೆ ಇದರಲ್ಲಿ ಮಾಡಲಿ.

ಕೆಲಸವೇನೋ ಸುಲಭವೇ. ಕಾರ್ಡಿನಲ್ಲಿ ‘ಕಾನ್‌ಫಿಗ್’ ಎಂಬ ಹೆಸರಿನ ಬರಹದ ಕಡತವಿದೆ. ಅದರಲ್ಲಿ ಪ್ರೊಸೆಸರಿನ ವೇಗಕ್ಕೊಂದು, ವೋಲ್ಟೇಜಿಗೊಂದು ಸಾಲನ್ನು ಬರೆಯಬೇಕು. ನಾಲ್ಕನೆಯ ಹಲಗೆಯಲ್ಲಿ ವೇಗ 2000, ವೋಲ್ಟೇಜು ಆರು ಮೆಟ್ಟಿಲು ಎಂಬುದು ಬಹುಮಂದಿ ಬಳಸುವ ಅಂಕ. ಒಮ್ಮೆಗೇ ಅಲ್ಲಿಗೆ ನೆಗೆಯಬಾರದು. ನೂರು ನೂರು ಮೆಗಾಹರ್ಟ್ಸ್ ಏರಿಸಿ, ಒಂದೊಂದು ಸಲವೂ ಅರ್ಧ ಗಂಟೆ ಕಠಿಣವಾದ ಆಟವನ್ನು ಆಡಿ, ಉಷ್ಣವನ್ನು ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಗುರುತುಹಾಕಿಕೊಳ್ಳಬೇಕು. ಅಂಕ ಅತಿಯಾಗಿ ಯಂತ್ರ ಏಳದಿದ್ದರೆ ಗಾಬರಿಪಡಬೇಕಾಗಿಲ್ಲ. ಕಾರ್ಡನ್ನು ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ ಆ ಸಾಲುಗಳನ್ನು ತಿದ್ದಿದರಾಯಿತು. ಯಾವಾಗಲೂ ಗರಿಷ್ಠ ವೇಗದಲ್ಲಿಯೇ ಓಡುವಂತೆ ಒತ್ತಾಯಿಸುವ ‘ಫೋರ್ಸ್ ಟರ್ಬೊ’ ಎಂಬ ಇನ್ನೊಂದು ಸಾಲು ಉಂಟು. ಕೆಲವು ಮಾದರಿಗಳಲ್ಲಿ ಇದನ್ನು ಹೆಚ್ಚಿದ ವೋಲ್ಟೇಜಿನೊಡನೆ ಬಳಸಿದರೆ ಚಿಪ್ಪಿನಲ್ಲಿ ಅಳಿಸಲಾಗದ ಗುರುತು ಬಿದ್ದು ಖಾತರಿಗೆ ಬಾಧೆಯಾಗುವುದು. ಇದಕ್ಕೆ ಕೈಹಾಕದಿರುವುದೇ ಲೇಸು.

ಎಲ್ಲಕ್ಕಿಂತ ಮೊದಲು, ವೇಗವರ್ಧನ ನಿಜವಾಗಿ ಬೇಕೇ ಎಂದು ವಿಚಾರಿಸಬೇಕು. ಫ್ಯಾಮಿಕಾಮಿನ ಕಾಲದ ಆಟಗಳಿಗೆ ಅದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಅರುವತ್ತು ಚಿತ್ರಗಳು ಬರುತ್ತಿರುವಲ್ಲಿ ಅರುವತ್ತೊಂದನೆಯದು ಯಾರಿಗೂ ಬೇಡ. ಗುಂಡಿಯನ್ನು ಒತ್ತಿದ ಮೇಲೆ ಆಟ ತಡವಾಗಿ ಓಗೊಡುತ್ತಿದ್ದರೆ ದೋಷವು ಬಹುಶಃ ಟೆಲಿವಿಷನ್ನಿನದು. ಅದರ ‘ಗೇಮ್’ ವ್ಯವಸ್ಥೆಯನ್ನು ಆರಿಸಿ ನೋಡಬೇಕು. ನಿಂಟೆಂಡೊ 64ರ ಆಟಗಳಲ್ಲಿ ಚಿತ್ರದ ಅಳತೆಯನ್ನು ತಗ್ಗಿಸಿದರೆ, ಅಥವಾ ಬೇರೊಂದು ಎಮ್ಯುಲೇಟರನ್ನು ಆರಿಸಿದರೆ, ಒಂದು ಡಿಗ್ರಿಯೂ ಕಾಯದೆ ಕೆಲಸವಾಗುವುದುಂಟು. 2023ರಲ್ಲಿ ಬಂದ ಐದನೆಯ ಹಲಗೆ 2400 ಮೆಗಾಹರ್ಟ್ಸಿನದಾದ್ದರಿಂದ ಅದನ್ನು ಹೊಂದಿರುವವರು ಈ ಲೇಖನವನ್ನು ಕುತೂಹಲಕ್ಕಾಗಿ ಓದಿದರೆ ಸಾಕು. ಹಳೆಯ ಹಲಗೆಯುಳ್ಳವರೇ ನಮ್ಮಲ್ಲಿ ಹೆಚ್ಚು. ಹೊಸದನ್ನು ಕೊಂಡುಕೊಡು ಎಂದು ಕೇಳುವ ಮಗಳಿಗಿಂತ, ಇರುವುದರಿಂದಲೇ ಇನ್ನಷ್ಟು ದುಡಿಸುತ್ತೇನೆ ಎನ್ನುವ ಮಗಳು ನನಗೆ ಹೆಚ್ಚು ಮೆಚ್ಚಿಕೆ.

ಆಟಗಳ ಪ್ರತಿಗಳ ವಿಷಯದಲ್ಲಿ ಒಂದು ಮಾತು. ಆಟ ಹಳೆಯದಾದ ಮಾತ್ರಕ್ಕೆ ಅದು ಒಡೆಯರಿಲ್ಲದ ಸೊತ್ತಾಗುವುದಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾಯಿದೆಯಲ್ಲಿ ಕಂಪ್ಯೂಟರಿನ ಕಾರ್ಯಕ್ರಮವು ಸಾಹಿತ್ಯಕೃತಿಗಳ ಸಾಲಿಗೇ ಸೇರಿದೆ. ಹಳೆಯ ಯಂತ್ರಗಳಿಗಾಗಿ ಇಂದಿನವರು ಹೊಸದಾಗಿ ಬರೆದು ಉಚಿತವಾಗಿ ಹಂಚುವ ಆಟಗಳೂ ಇವೆ. ಆರಂಭಕ್ಕೆ ಅವೇ ಸಾಕು.

ಹಲಗೆಯನ್ನು ಮುಂದೆ ಪಾಠಕ್ಕಾಗಲಿ, ತಂಗಿಗೆ ಕೊಡುವುದಕ್ಕಾಗಲಿ ತೆಗೆದಾಗ ಹೆಚ್ಚಿಸಿದ ವೇಗವನ್ನು ಬಿಟ್ಟುಬಿಡತಕ್ಕದ್ದು. ಬರೆದ ಸಾಲುಗಳನ್ನು ಅಳಿಸಬೇಕಾಗಿಯೂ ಇಲ್ಲ. ಒಂದೊಂದರ ಮುಂದೆಯೂ ಹ್ಯಾಷ್ ಎಂಬ ಚಿಹ್ನೆಯನ್ನು ಇಟ್ಟರೆ ಯಂತ್ರವು ಅವನ್ನು ಓದದೆ ಬಿಟ್ಟು, ಮರುಸಲ ಚಾಲೂ ಮಾಡಿದಾಗ ತನ್ನ ಹಳೆಯ ವೇಗದಲ್ಲಿಯೇ ನಡೆಯುವುದು.