ಸಣ್ಣ ನಾಯಿಯ ಪಥ್ಯವಿಚಾರ

ಗೃಹಸ್ಥನ ಅನ್ನವನ್ನು ನೆಚ್ಚಿ ಬಾಳುವ ಪ್ರಾಣಿಗಳಲ್ಲಿ ನಾಯಿಯೂ ಒಂದು. ಅದಕ್ಕೆ ಅನ್ನವಿಕ್ಕುವುದು ಧರ್ಮವೆಂದು ಎಲ್ಲರೂ ಬಲ್ಲರು. ಎಂತಹ ಅನ್ನವನ್ನು ಇಕ್ಕಬಾರದೆಂಬುದನ್ನು ಬಲ್ಲವರು ವಿರಳ. ನಾವೂ ಬಲ್ಲವರಾಗಿರಲಿಲ್ಲ. ಆ ಅಜ್ಞಾನದಿಂದ ಒದಗಿದ ವಿಪತ್ತನ್ನೂ ಅದರಿಂದ ಕಲಿತ ಪಾಠವನ್ನೂ ವಾಚಕರಿಗೆ ನಿವೇದಿಸುವುದು ಉಚಿತವೆಂದು ತೋರಿದೆ.

ನಮ್ಮ ಮನೆಯಲ್ಲಿ ಪೊಮರೇನಿಯನ್ ಜಾತಿಯ ಬಿಳಿಯ ನಾಯಿಯೊಂದುಂಟು. ಹೆಸರು ಬೆಳ್ಳಿ, ತೂಕ 5 ಕಿಲೋಗ್ರಾಂ. 2023ನೆಯ ಇಸವಿಯ ಯುಗಾದಿಯಂದು ಮನೆಮಂದಿಯೆಲ್ಲರೂ, ಒಬ್ಬರಿಗೆ ತಿಳಿಯದಂತೆ ಒಬ್ಬರು, ತುಪ್ಪದ ಒಬ್ಬಟ್ಟನ್ನೂ ಆಂಬೊಡೆಯನ್ನೂ ಅದಕ್ಕೆ ತಿನ್ನಿಸಿದೆವು. ಮರುದಿನ ವಾಂತಿಯು ಮೊದಲಾಯಿತು. ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಹಿಂಭಾಗವನ್ನು ಮೇಲೆತ್ತಿ, ನಮಸ್ಕರಿಸುವಂತೆ ನಿಂತಿತು. “ತಾತ, ಬೆಳ್ಳಿ ಆಟಕ್ಕೆ ಕರೆಯುತ್ತಿದೆ” ಎಂದಳು ಮೊಮ್ಮಗಳು. ನಾವೂ ನಕ್ಕೆವು. ಅದು ಆಟವಾಗಿರಲಿಲ್ಲ, ಹೊಟ್ಟೆಯ ಶೂಲೆಯನ್ನು ತಾಳಲಾರದ ಭಂಗಿಯಾಗಿತ್ತು.

ಅಜೀರ್ಣಕ್ಕೆ ಲಂಘನವೇ ಮದ್ದೆಂದು ನಂಬಿ ಒಂದು ದಿನವನ್ನು ವ್ಯರ್ಥವಾಗಿ ಕಳೆದೆವು. ಮೂರನೆಯ ಬೆಳಗ್ಗೆ ಅದು ಏಳಲಾರದೆ ಹೋಗಲು, ಎತ್ತಿಕೊಂಡು ಪಶುವೈದ್ಯರಲ್ಲಿಗೆ ಧಾವಿಸಿದೆವು. ರಕ್ತಪರೀಕ್ಷೆಯಿಂದಲೂ ಹೊಟ್ಟೆಯ ಸ್ಕ್ಯಾನಿಂಗಿನಿಂದಲೂ ಮೇದೋಜೀರಕಗ್ರಂಥಿಯ ಉರಿಯೂತವೆಂದು ನಿಶ್ಚಯವಾಯಿತು. ಇದನ್ನೇ ಪ್ಯಾಂಕ್ರಿಯಾಟೈಟಿಸ್ ಎನ್ನುವರು. “ಮೇಷ್ಟ್ರೇ, ಇನ್ನೊಂದು ದಿನ ತಡೆದಿದ್ದರೆ ನಾನು ಏನೂ ಹೇಳುವಂತಿರಲಿಲ್ಲ” ಎಂದರು ವೈದ್ಯರು.

ಈ ಗ್ರಂಥಿಯು ಜಠರದ ಮಗ್ಗುಲಲ್ಲಿ, ಸಣ್ಣ ಕರುಳಿನ ಆದಿಭಾಗಕ್ಕೆ ಹೊಂದಿಕೊಂಡಿರುವುದು. ಇದು ಸ್ರವಿಸುವ ಪಾಚಕದ್ರವ್ಯಗಳಲ್ಲಿ ಮುಖ್ಯವಾದ ಕೆಲವು ಕರುಳನ್ನು ಸೇರಿದ ಮೇಲಷ್ಟೆ ಶಕ್ತಿಗೊಳ್ಳತಕ್ಕವು. ಈ ರೋಗದಲ್ಲಿ ಅವು ಗ್ರಂಥಿಯೊಳಗೇ ಎಚ್ಚೆತ್ತು, ತಮ್ಮನ್ನು ಹೆತ್ತ ಅಂಗವನ್ನೇ ಜೀರ್ಣಿಸತೊಡಗುವುವು. ಎಷ್ಟೋ ವೇಳೆ ಕಾರಣವು ಗೊತ್ತಾಗುವುದಿಲ್ಲ. ಆದರೂ ಜಿಡ್ಡಿನ ಊಟ, ಸ್ಥೂಲಕಾಯ, ರಕ್ತದಲ್ಲಿ ಕೊಬ್ಬಿನ ಆಧಿಕ್ಯ ಇವು ಅಪಾಯವನ್ನು ಹೆಚ್ಚಿಸುವುವು. ಮಿನಿಯೇಚರ್ ಷ್ನಾಜರ್, ಯಾರ್ಕ್‌ಷೈರ್ ಟೆರಿಯರ್ ಮೊದಲಾದ ಸಣ್ಣ ತಳಿಗಳಲ್ಲಿ ಇದು ಹೆಚ್ಚು.

ಚಿಕಿತ್ಸೆಯು ಮುಖ್ಯವಾಗಿ ಮೂರು ಬಗೆ: ರಕ್ತನಾಳದ ಮೂಲಕ ದ್ರವವನ್ನು ಕೊಡುವುದು, ವಾಂತಿಯನ್ನು ತಡೆಯುವುದು, ನೋವನ್ನು ಶಮನಗೊಳಿಸುವುದು. ಹಿಂದೆ ವೈದ್ಯರೂ ದಿನಗಟ್ಟಲೆ ಉಪವಾಸವಿಡುತ್ತಿದ್ದರು. ಈಗ ವಾಂತಿಯು ಹತೋಟಿಗೆ ಬಂದೊಡನೆ ಸ್ವಲ್ಪಸ್ವಲ್ಪವಾಗಿ ಉಣಿಸುವುದೇ ಮೇಲೆಂದು ಕಂಡುಕೊಂಡಿದ್ದಾರೆ. ಲಂಘನದ ವಿಷಯದಲ್ಲಿ ನಾವು ತಪ್ಪಿದುದು ಹೀಗೆ. ಮನುಷ್ಯರ ನೋವಿನ ಮಾತ್ರೆಗಳನ್ನಂತೂ ನಾಯಿಗೆ ಎಂದಿಗೂ ಕೊಡತಕ್ಕದ್ದಲ್ಲ. ಐಬುಪ್ರೊಫೇನ್ ನಾಯಿಗೆ ವಿಷಪ್ರಾಯವಾದುದು.

ಮೂರು ದಿನಗಳ ಅನಂತರ ಬೆಳ್ಳಿಯು ಮನೆಗೆ ಬಂದಿತು. ಅಂದಿನಿಂದ ಪಥ್ಯವೇ ಅದರ ಪ್ರಾಣ. ದಿನದ ಆಹಾರವನ್ನು ನಾಲ್ಕು ಪಾಲುಮಾಡಿ ಕೊಡುತ್ತೇವೆ. ವೈದ್ಯರು ಸೂಚಿಸಿದ ಕಡಮೆ ಕೊಬ್ಬಿನ ಸಿದ್ಧಾಹಾರವೇ ಮುಖ್ಯ. ಮಾಂಸಾಹಾರದ ಮನೆಗಳಲ್ಲಿ ಚರ್ಮ ತೆಗೆದು ಬೇಯಿಸಿದ ಕೋಳಿಯ ಎದೆಭಾಗವನ್ನು ಮೆತ್ತನೆಯ ಅನ್ನದೊಡನೆ ಕೆಲವು ದಿನ ಕೊಡಬಹುದು. ಆದರೆ ಅದೊಂದೇ ಬಹುಕಾಲಕ್ಕೆ ಪೂರ್ಣಾಹಾರವಾಗಲಾರದು. ತುಪ್ಪ, ಬೆಣ್ಣೆ, ಕೆನೆ, ಕರಿದ ತಿಂಡಿ, ಕೊಬ್ಬಿನ ಮಾಂಸ ಇವು ವರ್ಜ್ಯ. ಶುದ್ಧವಾದ ನೀರು ಸದಾ ಬಳಿಯಲ್ಲಿರಬೇಕು. ವಾಂತಿಯು ಮರುಕಳಿಸಿದರೆ, ಊಟವನ್ನು ಬಿಟ್ಟರೆ, ಆ ನಮಸ್ಕಾರಭಂಗಿಯು ಕಂಡರೆ ಅಂದೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಕಷ್ಟವಾದುದು ನಾಯಿಯ ಪಥ್ಯವಲ್ಲ, ಮನೆಯವರ ಪಥ್ಯ. ಊಟದ ಹೊತ್ತಿನಲ್ಲಿ ಅದು ಬಾಗಿಲಲ್ಲಿ ಕುಳಿತು ನೋಡುವ ನೋಟವನ್ನು ಸಹಿಸುವುದು ಸುಲಭವಲ್ಲ. ಬಂದ ನೆಂಟರಿಗೂ ಕೈಮುಗಿದು ಹೇಳಬೇಕಾಗುವುದು.

ಇನ್ನೊಂದು ಸಂಗತಿ. ಇದೇ ಗ್ರಂಥಿಯನ್ನು ನಾಯಿಯಿಂದ ತೆಗೆದರೆ ಮಧುಮೇಹವುಂಟಾಗುವುದೆಂದು 1889ರಲ್ಲಿ ಮಿಂಕೋವ್ಸ್ಕಿ, ಫಾನ್ ಮೇರಿಂಗ್ ಎಂಬ ವಿದ್ವಾಂಸರು ಸ್ಟ್ರಾಸ್‌ಬರ್ಗಿನಲ್ಲಿ ಕಂಡರು. 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಗ್ರಂಥಿಯ ಸಾರವನ್ನು ಪರೀಕ್ಷಿಸಿದುದೂ ನಾಯಿಗಳ ಮೇಲೆಯೇ. ಮರುವರ್ಷವೇ ಇನ್ಸುಲಿನ್ ಮನುಷ್ಯರಿಗೆ ದೊರೆಯಿತು. ನಮ್ಮ ಗೃಹಿಣಿಯು ಪ್ರತಿದಿನವೂ ಅದನ್ನು ಚುಚ್ಚಿಕೊಳ್ಳುವರು. ಈ ವೃತ್ತಾಂತವನ್ನು ಓದಿ ಹೇಳಿದಂದು ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಎದ್ದು ಹೋಗಿ ಬೆಳ್ಳಿಯ ಸಂಜೆಯ ಪಾಲನ್ನು ಅಳೆದು ಬಟ್ಟಲಿಗೆ ಹಾಕಿದರು. ಒಂದು ಚೂರೂ ಹೆಚ್ಚು ಹಾಕಲಿಲ್ಲ.