ಸಿಹಿನೀರಿನ ಸಿಗಡಿ ತೊಟ್ಟಿ: ಮೊದಲು ನೀರಿನ ಪರೀಕ್ಷೆ

ಅಲಂಕಾರಿಕ ಮೀನಿನ ಮಳಿಗೆಗಳಲ್ಲಿ ಜಲಸಸ್ಯಗಳ ನಡುವೆ ಸಾಕುವ ಪುಟ್ಟ ಸಿಗಡಿಗಳೂ ಈಗ ಮಾರಾಟದ ಸರಕಾಗಿವೆ. ಇವುಗಳಲ್ಲಿ ಪೂರ್ವ ಏಷ್ಯಾ ಮೂಲದ ಕೆಂಪು ಚೆರ್ರಿ ಸಿಗಡಿಯೇ ಹೊಸಬರಿಗೆ ಸೂಕ್ತ. ಆದರೆ ಕೊಂಡೊಯ್ದ ಸಿಗಡಿಗಳು ತಿಂಗಳೊಳಗೆ ಸತ್ತರೆ ಗ್ರಾಹಕನು ಮರಳಿ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಇಂತಹ ನಷ್ಟಕ್ಕೆ ಬಹುತೇಕ ನೀರೇ ಕಾರಣವಾಗಿರುತ್ತದೆ.

ದಾವಣಗೆರೆ ಜಿಲ್ಲೆಯ ನೀರು ಎಲ್ಲೆಡೆ ಒಂದೇ ಬಗೆಯದಲ್ಲ. ಹೊನ್ನಾಳಿಗೆ ತುಂಗಭದ್ರೆಯಿದೆ, ಚನ್ನಗಿರಿ ತಾಲ್ಲೂಕಿಗೆ ಸೂಳೆಕೆರೆಯಿದೆ. ನದಿ, ಕೆರೆಗಳ ನೀರು ಸಾಮಾನ್ಯವಾಗಿ ಮೃದು. ಜಗಳೂರಿನ ಬಯಲುಸೀಮೆಯ ಕೊಳವೆಬಾವಿಗಳಲ್ಲಾದರೋ ಫ್ಲೋರೈಡ್ ಸಮಸ್ಯೆ ಬಹುಕಾಲದ್ದು, ಲವಣಾಂಶವೂ ಹೆಚ್ಚು. ಹಾಗೆಂದು ಶುದ್ಧ ನೀರಿನ ಘಟಕದ ನೀರನ್ನಷ್ಟೇ ತುಂಬುವುದೂ ಸರಿಯಲ್ಲ. ಚಿಪ್ಪು ಕಟ್ಟಲು ಸಿಗಡಿಗೆ ಸುಣ್ಣದಂಶ ಬೇಕು. ಅದಿಲ್ಲದಿದ್ದಲ್ಲಿ ಪೊರೆ ಕಳಚುವಾಗಲೇ ಸಾಯುತ್ತದೆ. ಎರಡು ಬಗೆಯ ನೀರನ್ನೂ ಬೆರೆಸಿ, ಕರಗಿದ ಲವಣಗಳು ದಶಲಕ್ಷಕ್ಕೆ 150ರಿಂದ 250 ಭಾಗದಷ್ಟಿರುವಂತೆ ಮಾಪಕದಿಂದ ನೋಡಿಕೊಳ್ಳುವುದು ಉತ್ತಮ.

ಅಡಿಕೆ ನಾಡಾದ ಚನ್ನಗಿರಿ, ನ್ಯಾಮತಿಗಳವರು ವಿಶೇಷವಾಗಿ ಗಮನಿಸಬೇಕಾದುದು ತಾಮ್ರ. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಸೇರುತ್ತದೆ. ಸಿಗಡಿಗೋ ಲೀಟರಿಗೆ ಮಿಲಿಗ್ರಾಮಿನ ಕೆಲವೇ ದಶಾಂಶದಷ್ಟು ತಾಮ್ರವೂ ಮಾರಕವಾಗಬಲ್ಲದು. ಅದರ ರಕ್ತದಲ್ಲಿಯೇ ತಾಮ್ರವಿರುವುದು ಸೋಜಿಗವೇ ಸರಿ! ಆದರೆ ನೀರಿನಲ್ಲಿ ಕರಗಿ ಕಿವಿರಿಗೆ ತಗಲುವ ತಾಮ್ರ ವಿಷ. ದ್ರಾವಣ ಕಲಸಿದ ಬಕೆಟ್ಟನ್ನು ಎಷ್ಟೇ ತೊಳೆದರೂ ತೊಟ್ಟಿಗೆ ಬಳಸಲಾಗದು. ಮೀನಿನ ಕೆಲವು ಔಷಧಿಗಳಲ್ಲಿಯೂ ತಾಮ್ರವಿರುವುದರಿಂದ ಮಾರುವ ಮುನ್ನ ಚೀಟಿ ಓದತಕ್ಕದ್ದು. ಗದ್ದೆಯ ಕಾಲುವೆಯಿಂದ ತಂದ ಗಿಡಗಳೊಡನೆ ಕೀಟನಾಶಕವೂ ಬರಬಹುದು. ನರ್ಸರಿಯ ಜಾವಾ ಹಾವಸೆ ನಿರಪಾಯಕರ.

ಸುಮಾರು 40 ಲೀಟರಿನ ತೊಟ್ಟಿ, ಸ್ಪಂಜಿನ ಶೋಧಕ, ಒಂದಿಷ್ಟು ಗಿಡ ಸಾಕು. ಅಮೋನಿಯಾವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಸಿಗಡಿ ಬಿಡಬಾರದು. ಕೊಂಡ ದಿನವೇ ಎಲ್ಲವನ್ನೂ ಒಟ್ಟಿಗೆ ಒಯ್ಯುವೆನೆನ್ನುವ ಗ್ರಾಹಕನಿಗೆ ಸಿಗಡಿಯನ್ನು ಮಾರದಿರುವುದೇ ಲಾಭಕರ. ಬಳಿಕ ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸಿದರಾಯಿತು.

ಬೇಸಿಗೆಯಲ್ಲಿ ನೀರು 30 ಡಿಗ್ರಿ ದಾಟಿದರೆ ಆಮ್ಲಜನಕ ಕಡಿಮೆಯಾಗುತ್ತದೆ. ರಾತ್ರಿ ಗಿಡಗಳೂ ಅದನ್ನು ಹೀರುವುದರಿಂದ, ವಿದ್ಯುತ್ ಹೋಗುವ ಊರುಗಳಲ್ಲಿ ಬ್ಯಾಟರಿಯ ಗಾಳಿಪಂಪು ಅವಶ್ಯಕ.

ಚೆರ್ರಿ ಸಿಗಡಿಯ ಮರಿಗಳಿಗೆ ಉಪ್ಪುನೀರಿನ ಅಗತ್ಯವಿಲ್ಲ. ತಾಯಿ ಸುಮಾರು ಒಂದು ತಿಂಗಳು ಮೊಟ್ಟೆ ಹೊತ್ತು, ಪೂರ್ಣರೂಪದ ಮರಿಗಳನ್ನೇ ಬಿಡುತ್ತದೆ. ಆದ್ದರಿಂದ ಸ್ಥಳೀಯವಾಗಿಯೇ ಸಂತಾನಾಭಿವೃದ್ಧಿ ಮಾಡಿ, ಊರಿನ ನೀರಿಗೆ ಒಗ್ಗಿದ ಸಿಗಡಿಗಳನ್ನು ಮಾರುವುದು ಸಾಧ್ಯ. ಹೆಚ್ಚಾದವನ್ನು ಸೂಳೆಕೆರೆಗಾಗಲಿ ಹೊಳೆಗಾಗಲಿ ಬಿಡಕೂಡದು. ಅಂಗಡಿಗೇ ಮರಳಿಸುವಂತೆ ಗ್ರಾಹಕರಿಗೆ ತಿಳಿಸಬೇಕು.