ಉಸಿರಿನೊಡನೆ ಒಳಬರುವ ಬೂಷ್ಟು

ಶಿಲೀಂಧ್ರ ಶ್ವಾಸಕೋಶದೊಳಗೆ ಹೊಕ್ಕಿತೆಂದರೆ ಕಾಯಿಲೆ ಖಚಿತ ಎಂಬ ಭಯ 2021ರ ಬೇಸಿಗೆಯಲ್ಲಿ, ಕೋವಿಡ್ ರೋಗಿಗಳಲ್ಲಿ ‘ಬ್ಲ್ಯಾಕ್ ಫಂಗಸ್’ ಕಾಣಿಸಿಕೊಂಡಾಗ, ಮನೆಮನೆಗೂ ಹಬ್ಬಿತ್ತು. ವಾಸ್ತವ ಬೇರೆಯೇ ಇದೆ. ಕೊಳೆತ ಎಲೆ, ಗೊಬ್ಬರದ ಗುಂಡಿ, ಮುಗ್ಗಿದ ಧಾನ್ಯಗಳಲ್ಲಿ ಬೆಳೆಯುವ ಆಸ್ಪರ್‌ಜಿಲಸ್ ಫ್ಯುಮಿಗೇಟಸ್ ಎಂಬ ಬೂಷ್ಟಿನ ಬೀಜಕಗಳು ದಿನಕ್ಕೆ ನೂರಾರು ಸಂಖ್ಯೆಯಲ್ಲಿ ಪ್ರತಿಯೊಬ್ಬರ ಉಸಿರಿನೊಡನೆ ಒಳಹೋಗುತ್ತವೆ. ಒಂದೊಂದೂ 2ರಿಂದ 3 ಮೈಕ್ರಾನ್ ಗಾತ್ರದ್ದು. ಮೂಗಿನ ಕೂದಲು, ಶ್ವಾಸನಾಳದ ಲೋಳೆಯನ್ನೂ ದಾಟಿ ಗಾಳಿಗೂಡುಗಳ ತಳಕ್ಕಿಳಿಯುವಷ್ಟು ಸಣ್ಣದು. ಹಾಗಿದ್ದೂ ಬಹುಪಾಲು ಜನರಿಗೆ ಒಂದು ಕೆಮ್ಮೂ ಬರುವುದಿಲ್ಲ.

ಈ ರಕ್ಷಣೆ ಪ್ರತಿಕಾಯಗಳ ಕೆಲಸ ಎಂದು ನಂಬಿದವರಿದ್ದಾರೆ. ಕೋವಿಡ್ ಕಾಲದಲ್ಲಿ ಆ ಪದವೇ ಎಲ್ಲರ ಬಾಯಲ್ಲಿತ್ತಲ್ಲ! ಆದರೆ ಬೂಷ್ಟಿನ ಎದುರು ಮೊದಲು ನಿಲ್ಲುವವು ನುಂಗುವ ಕೋಶಗಳು. ಇದರ ಸುಳಿವು ಸಿಕ್ಕಿದ್ದೂ ಶಿಲೀಂಧ್ರದಿಂದಲೇ. ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್ 1884ರಲ್ಲಿ ಡಾಫ್ನಿಯಾ ಎಂಬ ಪಾರದರ್ಶಕ ನೀರುಜೀವಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಅದರ ಮೈಯೊಳಗೆ ಹೊಕ್ಕ ಯೀಸ್ಟ್‌ನ ಸೂಜಿಯಂಥ ಬೀಜಕಗಳನ್ನು ಕೋಶಗಳು ಸುತ್ತುಗಟ್ಟಿ ಕರಗಿಸುತ್ತಿದ್ದವು. ಕೋಶಗಳು ಗೆದ್ದರೆ ಜೀವಿ ಉಳಿಯುತ್ತಿತ್ತು, ಯೀಸ್ಟ್ ಬೆಳೆದರೆ ಸಾಯುತ್ತಿತ್ತು. 1908ರಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮ ಗಾಳಿಗೂಡುಗಳಲ್ಲಿ ಆ ಕೆಲಸ ಮ್ಯಾಕ್ರೋಫೇಜ್‌ಗಳದು. ಹೊರಗಿನಿಂದ ಬಂದದ್ದನ್ನೆಲ್ಲ ಅವು ಕಂಡಕೂಡಲೇ ಯುದ್ಧ ಹೂಡುತ್ತವೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಮಲಗಿರುವ ಬೀಜಕಕ್ಕೆ ರಾಡ್‌ಎ ಎಂಬ ಪ್ರೋಟೀನಿನ ತೆಳು ಹೊದಿಕೆ ಇರುತ್ತದೆ. ಅದು ಇರುವವರೆಗೆ ರೋಗನಿರೋಧಕ ವ್ಯವಸ್ಥೆಗೆ ಬೀಜಕದ ಗುರುತೇ ಹತ್ತುವುದಿಲ್ಲ ಎಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ತೇವ ಹೀರಿ ಬೀಜಕ ಊದಿಕೊಂಡಾಗ ಹೊದಿಕೆ ಹರಿದು, ಅಡಿಯ ಬೀಟಾ-ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿ ಬಯಲಾಗುತ್ತದೆ. ಮ್ಯಾಕ್ರೋಫೇಜ್‌ನ ಮೇಲ್ಮೈಯಲ್ಲಿರುವ ಡೆಕ್ಟಿನ್-1 ಎಂಬ ಗ್ರಾಹಕ ಅದನ್ನು ಹಿಡಿಯುತ್ತದೆ. ಆಮೇಲಷ್ಟೇ ಎಚ್ಚರಿಕೆಯ ಸಂದೇಶ ಹೊರಡುವುದು. ಮೊಳೆಯದ ಬೀಜಕಗಳಿಗೆಲ್ಲ ಹೀಗೆ ಕೆರಳುತ್ತಿದ್ದರೆ ಶ್ವಾಸಕೋಶ ದಿನವೂ ಉರಿಯೂತದಲ್ಲೇ ಬೇಯಬೇಕಿತ್ತು.

ಸಂದೇಶ ಸಿಕ್ಕೊಡನೆ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸುತ್ತವೆ. ಬೀಜಕ ಮೊಳೆತು ಉದ್ದನೆಯ ಎಳೆಯಾಗಿದ್ದರೆ ಅದನ್ನು ಯಾವ ಕೋಶಕ್ಕೂ ನುಂಗಲಾಗದು. ಆಗ ನ್ಯೂಟ್ರೋಫಿಲ್‌ಗಳು ಅದಕ್ಕೆ ಅಂಟಿಕೊಂಡು ಪ್ರಬಲ ಆಕ್ಸಿಡೆಂಟ್‌ಗಳನ್ನು ಸುರಿಯುತ್ತವೆ, ತಮ್ಮದೇ ಡಿಎನ್‌ಎಯನ್ನು ಬಲೆಯಾಗಿ ಬೀಸುತ್ತವೆ, ಶಿಲೀಂಧ್ರದ ಬೆಳವಣಿಗೆಗೆ ಬೇಕಾದ ಸತುವನ್ನು ಪ್ರೋಟೀನಿನಿಂದ ಕಟ್ಟಿಹಾಕುತ್ತವೆ. ಈ ಆಕ್ಸಿಡೆಂಟ್ ತಯಾರಿಸುವ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿದ್ದಾರೆ. ಅವರ ಕೋಶಗಳು ನುಂಗಬಲ್ಲವು, ಕೊಲ್ಲಲಾರವು. ಉಳಿದವರಿಗೆ ಏನೂ ಮಾಡದ ಆಸ್ಪರ್‌ಜಿಲಸ್ ಅವರ ಪ್ರಾಣಕ್ಕೇ ಎರವಾಗುತ್ತದೆ. ಕಿಮೋಥೆರಪಿಯಿಂದ ನ್ಯೂಟ್ರೋಫಿಲ್ ಕುಸಿದ ರಕ್ತ ಕ್ಯಾನ್ಸರ್ ರೋಗಿಗಳಿಗೂ ಇದೇ ಅಪಾಯ.

2021ರ ‘ಬ್ಲ್ಯಾಕ್ ಫಂಗಸ್’ ಅನ್ನೂ ಹೀಗೆಯೇ ನೋಡಬೇಕು. ಅದು ಹೊಸ ಶಿಲೀಂಧ್ರವಾಗಿರಲಿಲ್ಲ, ಕಪ್ಪಗೂ ಇರಲಿಲ್ಲ. ರೈಜೋಪಸ್‌ನಂಥ ಬೂಷ್ಟು ರಕ್ತನಾಳಗಳಿಗೆ ನುಗ್ಗಿ ರಕ್ತ ಕಟ್ಟಿದಾಗ ಸತ್ತ ಅಂಗಾಂಶ ಕಪ್ಪಾಗುತ್ತದೆ. ರೋಗಿಯಿಂದ ರೋಗಿಗೆ ಅದು ಅಂಟುವುದೂ ಇಲ್ಲ. ಹತೋಟಿ ಮೀರಿದ ಸಕ್ಕರೆ ಕಾಯಿಲೆ ಮತ್ತು ಕೋವಿಡ್‌ಗೆ ಕೊಟ್ಟ ಸ್ಟೀರಾಯ್ಡ್ ಎರಡೂ ಸೇರಿ ಈ ನುಂಗುವ ಕೋಶಗಳ ಕೈಕಟ್ಟಿದ್ದವು. ಸ್ಟೀರಾಯ್ಡ್ ಎಷ್ಟೋ ಜೀವ ಉಳಿಸಿದ್ದೂ ನಿಜ. ಪ್ರಮಾಣ, ಅವಧಿ, ರಕ್ತದ ಸಕ್ಕರೆಯ ಮೇಲೆ ಕಣ್ಣಿಡದೆ ಬಳಸಿದಲ್ಲಿ ಅನಾಹುತವಾಯಿತು.

ಹಾಗಾದರೆ ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಕ್ಷೇಮವೇ? ಕಷಾಯದ ಪೊಟ್ಟಣದಿಂದ ಮಾತ್ರೆಯ ಡಬ್ಬಿಯವರೆಗೆ ಹಾಗೆಂದೇ ಅಚ್ಚಾಗಿರುತ್ತದೆ. ಆದರೆ ಅಸ್ತಮಾ ಇರುವ ಕೆಲವರಲ್ಲಿ ಅದೇ ಆಸ್ಪರ್‌ಜಿಲಸ್‌ಗೆ ದೇಹ ಅತಿಯಾಗಿ ಕೆರಳುತ್ತದೆ. ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತಿ, ಕಫ ಗಟ್ಟಿಯಾಗಿ, ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ ಕೆಡುತ್ತವೆ. ಎಬಿಪಿಎ ಎನ್ನುವ ಈ ಕಾಯಿಲೆಯ ಎಕ್ಸ್‌ರೇ ಕ್ಷಯದಂತೆ ಕಾಣುವುದರಿಂದ ನಮ್ಮ ದೇಶದಲ್ಲಿ ಎಷ್ಟೋ ಮಂದಿ ಬೇಡದ ಟಿಬಿ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದ್ದಾರೆ. ಅಸ್ತಮಾ ಇದ್ದು, ಕಂದು ಬಣ್ಣದ ಕಫದ ತುಣುಕು ಬೀಳುತ್ತಿದ್ದರೆ, ಒಟ್ಟು ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ಮತ್ತು ಆಸ್ಪರ್‌ಜಿಲಸ್ ವಿರುದ್ಧದ ಐಜಿಇ ರಕ್ತ ಪರೀಕ್ಷೆಯಿಂದ ಅನುಮಾನ ಬಗೆಹರಿಸಿಕೊಳ್ಳಬಹುದು. ಎಬಿಪಿಎಗೆ ವೈದ್ಯರು ಕೊಡುವ ಮುಖ್ಯ ಔಷಧಿಗಳಲ್ಲಿ ಒಂದು, ಕೋವಿಡ್ ರೋಗಿಗಳಲ್ಲಿ ಬೂಷ್ಟಿಗೆ ದಾರಿ ಮಾಡಿಕೊಟ್ಟ ಅದೇ ಸ್ಟೀರಾಯ್ಡ್.